ಗೋಡೆಯ ಓರೆ, ಕ್ಯಾಮೆರಾದ ಓರೆ: ಮಿತ್ರರ ಕೆಲವು ಛಾಯಾಚಿತ್ರಗಳನ್ನು ಕುರಿತು

ನಮ್ಮ ಅಧ್ಯಾಪಕ ಮಿತ್ರರಲ್ಲಿ ಛಾಯಾಗ್ರಹಣದ ಅಭಿರುಚಿಯುಳ್ಳವರು ಕೆಲವರಿದ್ದಾರೆ. ಕಳೆದ ಚಳಿಗಾಲದಲ್ಲಿ ಅವರು ಕಲಬುರಗಿ ನಗರದ ಬಹಮನಿ ಕಟ್ಟಡಗಳನ್ನೂ ಕಮಲಾಪುರದ ಸುತ್ತಣ ಹೊಲತೋಟಗಳನ್ನೂ ಚಿತ್ರಿಸಿ ತಂದರು. ಚಿತ್ರಗಳನ್ನು ಮೇಜಿನ ಮೇಲೆ ಹರಡಿದಾಗ ನಾವೆಲ್ಲರೂ ಆಡಿದ ಮಾತು ಒಂದೇ: ‘ಬಹಳ ಚೆನ್ನಾಗಿವೆ.’ ಈ ಮಾತಿನಲ್ಲಿ ಸ್ನೇಹವುಂಟು, ವಿಮರ್ಶೆಯಿಲ್ಲ. ಇತಿಹಾಸ ವಿಭಾಗದಲ್ಲಿ ಇಂದಿನ ಚಿತ್ರವು ನಾಳೆ ಆಧಾರವಾಗಿ ಬಳಕೆಯಾಗುತ್ತದೆ. ಆದುದರಿಂದ ಅದರ ದೋಷವು ತೆಗೆದವರ ಸ್ವಂತ ವಿಷಯವಾಗಿ ಉಳಿಯುವುದಿಲ್ಲ. ಮಿತ್ರರ ಅನುಮತಿಯಿಂದಲೇ ಮೂರು ಚಿತ್ರಗಳನ್ನು ಇಲ್ಲಿ ಪರಿಶೀಲಿಸುತ್ತೇನೆ.

ಮೊದಲನೆಯದು ಕೋಟೆಯೊಳಗಿನ ಜಾಮಿ ಮಸೀದಿಯ ಒಳನೋಟ. 1367ರ ಶಾಸನವು ಕಜ್ವೀನಿನ ರಫೀ ಎಂಬುವನ ಹೆಸರನ್ನು ಹೇಳುವ ಈ ಕಟ್ಟಡಕ್ಕೆ ತೆರೆದ ಅಂಗಳವಿಲ್ಲ. ಸುಮಾರು 216 ಅಡಿ ಉದ್ದ, 176 ಅಡಿ ಅಗಲದ ವಿಸ್ತಾರವೆಲ್ಲವೂ ಛಾವಣಿಯ ಕೆಳಗಿದೆ. ಬೆಳಕು ಪಕ್ಕದ ಅಗಲವಾದ ಕಮಾನುಗಳಿಂದ ಒಳಬರುತ್ತದೆ. ಮಿತ್ರರ ಚಿತ್ರದಲ್ಲಿ ಈ ಕಮಾನುಗಳು ಬರಿಯ ಬಿಳಿಯ ತೇಪೆಗಳಾಗಿವೆ, ಒಳಗಿನ ಕಂಬಗಳು ಕಪ್ಪಾಗಿವೆ. ಮೇಲಾಗಿ ಕ್ಯಾಮೆರಾವನ್ನು ಮೇಲಕ್ಕೆ ಎತ್ತಿ ಹಿಡಿದುದರಿಂದ ಕಂಬಗಳು ಒಳಕ್ಕೆ ವಾಲಿದಂತೆ ತೋರುತ್ತವೆ. ಪುರಾತತ್ವ ಇಲಾಖೆಯ ಅನುಮತಿ ಪಡೆದು ಟ್ರೈಪಾಡ್ ನಿಲ್ಲಿಸಿ, ಹೊರಗಿನ ಬಿಸಿಲು ಮೃದುವಾಗಿರುವ ಹೊತ್ತಿನಲ್ಲಿ, ಕ್ಯಾಮೆರಾವನ್ನು ಸಮಮಟ್ಟದಲ್ಲಿಟ್ಟು ತೆಗೆದರೆ ಎರಡು ದೋಷಗಳೂ ಬಹುಮಟ್ಟಿಗೆ ನೀಗುತ್ತವೆ. ಸಾಲುಸಾಲಾಗಿ ಹಿಂದೆ ಸರಿಯುವ ಕಮಾನುಗಳ ಲಯವನ್ನು ಅವರು ಚೆನ್ನಾಗಿ ಕಂಡಿದ್ದಾರೆ. ಆ ನಿಲುವನ್ನು ಬದಲಿಸಬೇಕಾಗಿಲ್ಲ.

ಇಷ್ಟನ್ನು ನಾನು ಅವರಿಗೆ ಆಗಲೇ ಹೇಳಿದ್ದೆ. ‘ನಿಮ್ಮ ಗೆರೆಗಳು ವಾಲಿವೆ, ನೆಟ್ಟಗೆ ಮಾಡಿರಿ’ ಎಂದೂ ಸೇರಿಸಿದ್ದೆ. ಎರಡನೆಯ ಚಿತ್ರದ ಕಥೆಯು ಇಲ್ಲಿಂದ ಹುಟ್ಟಿತು. ಕೋಟೆಯ ಪಶ್ಚಿಮಕ್ಕಿರುವ, ರಾಜ್ಯಸ್ಥಾಪಕ ಅಲಾಉದ್ದೀನ್ ಹಸನನ ಗೋರಿಯ ಚಿತ್ರವನ್ನು ಅವರು ನನ್ನ ಮಾತಿನಂತೆಯೇ ಗಣಕಯಂತ್ರದಲ್ಲಿ ತಿದ್ದಿ, ಗೋಡೆಗಳನ್ನು ದಾರ ಹಿಡಿದಂತೆ ನೆಟ್ಟಗಾಗಿಸಿದರು. ಚಿತ್ರವು ಅಂದವಾಯಿತು, ಆದರೆ ಸುಳ್ಳಾಯಿತು. 1358ರಲ್ಲಿ ತೀರಿಕೊಂಡ ಆ ಸುಲ್ತಾನನ ಗೋರಿಯ ಗೋಡೆಗಳು ನಿಜವಾಗಿಯೇ ಒಳಕ್ಕೆ ಓರೆಯಾಗಿವೆ. ದೆಹಲಿಯ ಗಿಯಾಸುದ್ದೀನ್ ತುಘಲಕನ ಗೋರಿಯಲ್ಲಿ ಕಾಣುವ ಲಕ್ಷಣವೇ ಅದು. ತುಘಲಕರ ಆಳ್ವಿಕೆಯಿಂದ ಸಿಡಿದು ಹೊರಬಂದವರು ಅವರ ಕಟ್ಟಡಶೈಲಿಯನ್ನು ಮಾತ್ರ ಬಿಡಲಿಲ್ಲ ಎಂಬುದಕ್ಕೆ ಈ ಓರೆಯು ಸಾಕ್ಷಿ. ವಿದ್ಯಾರ್ಥಿಯೊಬ್ಬನು ಆ ಚಿತ್ರವನ್ನು ನೋಡಿ ತನ್ನ ಪ್ರಬಂಧದಲ್ಲಿ ‘ಲಂಬವಾದ ಗೋಡೆಗಳು’ ಎಂದು ಬರೆದು ತಂದಾಗ ನನಗೆ ತಪ್ಪಿನ ಅರಿವಾಯಿತು. ತಪ್ಪು ಮಿತ್ರರದಲ್ಲ, ಕಟ್ಟಡವನ್ನು ನೆನೆಯದೆ ನಿಯಮವನ್ನಷ್ಟೇ ಹೇಳಿದ ವಿಮರ್ಶಕನದು. ಮಸೀದಿಯಲ್ಲಿ ಓರೆಯು ಕ್ಯಾಮೆರಾದ್ದು, ಗೋರಿಯಲ್ಲಿ ಓರೆಯು ಗೋಡೆಯದು. ಎರಡನ್ನೂ ಬೇರ್ಪಡಿಸಿ ತಿಳಿಯಲು ಸ್ಥಳದಲ್ಲಿ ನಿಂತು ನೋಡಿದ ಕಣ್ಣು ಬೇಕು.

ಮೂರನೆಯದು ಭೂದೃಶ್ಯ. ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ದಾರಿಯಲ್ಲಿ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಬಳಿ, ಸಂಜೆಯ ಹೊತ್ತಿನಲ್ಲಿ ತೆಗೆದ ತೊಗರಿಯ ಹೊಲ. ಹೂವಿನ ಹಳದಿಯೂ ಆಕಾಶದ ಇಳಿಬಣ್ಣವೂ ಮನಸ್ಸನ್ನು ಸೆಳೆಯುತ್ತವೆ. ಆದರೆ ಬಣ್ಣವನ್ನು ಏರಿಸಿದ ಭರದಲ್ಲಿ ಎರೆಮಣ್ಣು ಕೆಮ್ಮಣ್ಣಾಗಿ ಹೋಗಿದೆ. ಆ ಸೀಮೆಯ ಬೇಸಾಯವನ್ನು ಬಲ್ಲವನಿಗೆ ಇದು ಬೇರೆಯ ನಾಡು. ಮೇಲಾಗಿ ಹೊಲದಂಚಿನ ವಿದ್ಯುತ್ ಕಂಬವನ್ನೂ ತಂತಿಗಳನ್ನೂ ಅಳಿಸಿದ್ದಾರೆ. ‘ಚಿತ್ರವು ಸರ್ವೇ ನಕ್ಷೆಯಲ್ಲ, ನಾನು ಕಂಡ ಸಂಜೆಯನ್ನು ತೋರಿಸಿದ್ದೇನೆ’ ಎಂದು ಮಿತ್ರರು ವಾದಿಸಿದರು. ಈ ವಾದದಲ್ಲಿ ಹುರುಳಿದೆ. ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಆ ಸ್ವಾತಂತ್ರ್ಯವಿರಲಿ. ವಿಭಾಗದ ಸಂಗ್ರಹಕ್ಕೆ ಸೇರುವುದು ತಿದ್ದದ ಮೂಲಪ್ರತಿಯಾಗಿರಲಿ, ಅದರ ಹಿಂದೆ ಸ್ಥಳ, ದಿನಾಂಕ, ನಿಂತ ದಿಕ್ಕು ಬರೆದಿರಲಿ.

ಇದು ಅತಿಯಾದ ನಿಷ್ಠುರತೆಯೆಂದು ತೋರಬಹುದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪೆಯಲ್ಲಿ ತೆಗೆದ ಚಿತ್ರಗಳನ್ನು ನೆನೆಯಿರಿ. ಅವು ಸುಂದರವಾಗಿವೆ, ನಿಜ. ಆದರೆ ವಿದ್ವಾಂಸರು ಇಂದಿಗೂ ಅವುಗಳತ್ತ ಮರಳುವುದು, ಆಮೇಲೆ ಕುಸಿದ ಹಾಗೂ ದುರಸ್ತಿಗೊಂಡ ಭಾಗಗಳು ಅವುಗಳಲ್ಲಿ ಇದ್ದಂತೆಯೇ ಉಳಿದಿರುವುದರಿಂದ. ನಮ್ಮ ಕಲಬುರಗಿಯ ಗೋರಿಗಳ ಗಾರೆಯೂ ಶಾಶ್ವತವಲ್ಲ.

ಮಿತ್ರರ ಚಿತ್ರವನ್ನು ವಿಮರ್ಶಿಸುವವನು ಮೊದಲು ಅವರು ಕಂಡುದನ್ನು ಗುರುತಿಸಬೇಕು, ಬಳಿಕ ಅವರು ಬಿಟ್ಟುದನ್ನು ಕೇಳಬೇಕು, ಕೊನೆಗೆ ಅವರು ಕೈಯಾರೆ ಮಾಡಬಹುದಾದ ಒಂದು ಉಪಾಯವನ್ನು ಹೇಳಬೇಕು. ಕೇಳಿದವನು ಕ್ಯಾಮೆರಾವನ್ನು ಮೂಲೆಗಿಟ್ಟರೆ ವಿಮರ್ಶೆಯು ಸೋತಂತೆ. ಮತ್ತೆ ಆ ಸ್ಥಳಕ್ಕೆ ಹೋಗಿ ನಿಂತರೆ ಗೆದ್ದಂತೆ. ಮುಂದಿನ ಬಾರಿ ಹಸನನ ಗೋರಿಗೆ ಮಿತ್ರರೊಡನೆ ನಾನೂ ಹೋಗಬೇಕೆಂದಿದ್ದೇನೆ. ಗೋಡೆಯ ಓರೆಯನ್ನು ಅಳೆಯಲು ಒಂದು ತೂಕದ ದಾರವನ್ನೂ ಒಯ್ಯುತ್ತೇನೆ.