ಮುತ್ಯಾನ ಚಿಲುಮಿಯ ಹದ

ನಾನು ಒಂದು ದಿನವೂ ಚಿಲುಮಿ ಸೇದಿದವಳಲ್ಲ. ಆದರೂ ಅದರ ರುಚಿಯ ಬಗ್ಗೆ ಮಾತಾಡುವ ಹಕ್ಕು ನನಗುಂಟು. ಶಹಾಬಾದಿನ ನಮ್ಮ ಮನೆಯಲ್ಲಿ ಮುತ್ಯಾನ ತಂಬಾಕು ಹದ ಮಾಡುತ್ತಿದ್ದವರು ಹೆಂಗಸರೇ.

ಹುಣಸೂರು, ಪಿರಿಯಾಪಟ್ಟಣದ ಸಿಗರೇಟಿನ ಎಲೆಯನ್ನು ಬ್ಯಾರನ್ನಿನ ಬಿಸಿಗೆ ಒಣಗಿಸುತ್ತಾರೆ. ಸಕ್ಕರೆಯ ಅಂಶ ಉಳಿದು ಹೊಗೆ ಸಿಹಿಯಾಗುತ್ತದೆ. ನಿಪ್ಪಾಣಿಯ ಬೀಡಿ ತಂಬಾಕು ಬಿಸಿಲಿಗೆ ಒಣಗಿದ್ದು, ಬಲು ಖಡಕ್ಕು. ಅದಕ್ಕೆ ಸಿಹಿಯನ್ನು ನಾವೇ ಕೊಡಬೇಕು. ಆಯಿ ಫರಸಿ ಕಲ್ಲಿನ ಮೇಲೆ ಎಲೆ ತಿಕ್ಕಿ ಪುಡಿ ಮಾಡಿ, ಹಳೆ ಬೆಲ್ಲದ ನೀರು ಚಿಮುಕಿಸಿ, ಒದ್ದೆ ಅರಿವೆಯಲ್ಲಿ ರಾತ್ರಿಯಿಡೀ ಕಟ್ಟಿಡುತ್ತಿದ್ದಳು. ಬೆಲ್ಲ ಕಮ್ಮಿಯಾದರೆ ಹೊಗೆ ಗಂಟಲು ಕಚ್ಚುತ್ತದೆ. ಹೆಚ್ಚಾದರೆ ಕೆಂಡ ಆರಿ, ತಳ ಹತ್ತಿದ ಪಾಯಸದ ವಾಸನೆ. ಸೇಡಂ, ಚಿಂಚೋಳಿಯ ಬೀಗರು ತಂದ ತಂಬಾಕನ್ನು ಆಯಿ ಮೂಸಿ ನೋಡಿಯೇ ಪಕ್ಕಕ್ಕಿಡುತ್ತಿದ್ದಳು.

"ಇವತ್ತ ಹದ ಬಂದದ ನೋಡು" ಎನ್ನುತ್ತಿದ್ದ ಮುತ್ಯಾ. ಆಕೆಯ ಹೋಳಿಗೆಗೂ ಆತ ಅಷ್ಟು ಹೊಗಳಿದ್ದು ನಾ ಕಾಣೆ.

ಮೊದಲ ದಮ್ಮಿನ ಪರಿಮಳ ನಿಜಕ್ಕೂ ಚೆಂದ, ಮಳೆ ಬಿದ್ದ ಮಣ್ಣು, ಸುಟ್ಟ ಬೆಲ್ಲ. ಕೊನೆಯದು ಬರೀ ಕಹಿ. ಆದರೆ ನನ್ನ ತಕರಾರು ಆ ಕಹಿಯ ಮೇಲಲ್ಲ, ನುಣುಪಿನ ಮೇಲೆ. ಕಚ್ಚದ ಹೊಗೆಯನ್ನು ಮನುಷ್ಯ ಇನ್ನಷ್ಟು ಆಳಕ್ಕೆ ಎಳೆಯುತ್ತಾನೆ. ಖಣಿಯ ಧೂಳು ಮೊದಲೇ ಎದೆಯೊಳಗಿತ್ತು. ಕೆಮ್ಮು ಹೆಚ್ಚಿದಷ್ಟೂ ಆಯಿ, ತ್ರಾಸಾಗಬಾರದೆಂದು, ಬೆಲ್ಲ ಹೆಚ್ಚಿಸಿದಳು.

ದಿನಕ್ಕೆ ಎಷ್ಟು ಸೇದುತ್ತಾರೆಂದು ಡಾಕ್ಟರು ಕೇಳಿದಾಗ ಮುತ್ಯಾ ಸುಮ್ಮನಿದ್ದ. ಆಯಿಯೇ ಹೇಳಿದಳು: "ತಿಂಗಳಿಗಿ ಅರ್ಧ ಕಿಲೋ ಬೆಲ್ಲ ಹಿಡೀತದ್ರಿ."