ಬೀಗ ಹಾಕಿದ ಕೋಣೆಯ ಕಂಪ್ಯೂಟರು

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಮಳವಳ್ಳಿ ತಾಲ್ಲೂಕಿನ ಒಂದು ಸರಕಾರಿ ಶಾಲೆಗೆ ಹೋಗಿದ್ದೆ. ಅಲ್ಲೊಂದು ಕೋಣೆಗೆ ಬೀಗ. ಕಿಟಕಿಯಲ್ಲಿ ಇಣುಕಿದರೆ ಹಳೆಯ ಪಂಚೆ ಹೊದ್ದು ಕುಳಿತ ಕಂಪ್ಯೂಟರುಗಳು. “ಮಕ್ಕಳು ಮುಟ್ಟಿ ಏನಾರ ಆದ್ರೆ ಆಡಿಟ್‌ನೋರು ನನ್ ಸಂಬ್ಳದಲ್ಲಿ ಹಿಡ್ಕೊತಾರೆ ಸಾಬ್ರೆ” ಎಂದರು ಮುಖ್ಯೋಪಾಧ್ಯಾಯರು. ಅವರನ್ನು ದೂರಲು ನನಗೆ ಮನಸ್ಸು ಬರಲಿಲ್ಲ. ದಾಸ್ತಾನು ಪುಸ್ತಕಕ್ಕೆ ಸಹಿ ಹಾಕಿದವರು ಅವರೇ ತಾನೆ?

2005ರಲ್ಲಿ ದಾವೋಸ್‌ನಲ್ಲಿ ನಿಕೊಲಸ್ ನೆಗ್ರೊಪಾಂಟೆ ‘ಪ್ರತಿ ಮಗುವಿಗೂ ನೂರು ಡಾಲರಿನ ಲ್ಯಾಪ್‌ಟಾಪ್’ ಎಂದಾಗ ಈ ಬೀಗದ ವಿಚಾರ ಅವರ ಲೆಕ್ಕದಲ್ಲಿ ಇರಲಿಲ್ಲ. ಆ ಹಸಿರು ಯಂತ್ರವನ್ನು ತಯಾರಿಸಿದವರ ಶ್ರದ್ಧೆಯನ್ನು ಮೆಚ್ಚಲೇಬೇಕು. ಬಿಸಿಲಲ್ಲೂ ಓದಬಹುದಾದ ಪರದೆ, ತೀರಾ ಕಡಿಮೆ ವಿದ್ಯುತ್ತು. ಆದರೆ ತಯಾರಾಗಿ ಬರುವಷ್ಟರಲ್ಲಿ ಬೆಲೆ ಇನ್ನೂರು ಡಾಲರಿನ ಹತ್ತಿರ ಹೋಗಿತ್ತು. ಕೈಯಿಂದ ತಿರುಗಿಸಿ ವಿದ್ಯುತ್ ತುಂಬುವ ಹಿಡಿಕೆ ಮೊದಲ ಮಾದರಿಯಲ್ಲೇ ಉಳಿಯಿತು. 2006ರಲ್ಲಿ ನಮ್ಮ ಕೇಂದ್ರ ಶಿಕ್ಷಣ ಇಲಾಖೆ ಬೇಡವೆಂದಿತು. ಪೆರು ದೇಶ ಲಕ್ಷಗಟ್ಟಲೆ ಹಂಚಿತು. ಅಲ್ಲಿನ 319 ಗ್ರಾಮೀಣ ಶಾಲೆಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಣಿತ, ಭಾಷೆಗಳ ಕಲಿಕೆ ಹೆಚ್ಚಿದ್ದು ಕಾಣಲಿಲ್ಲ.

ಅದಕ್ಕೂ ಮೊದಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಎಂಜಿನಿಯರುಗಳು ಸಿಂಪ್ಯೂಟರ್ ಕಲ್ಪಿಸಿದ್ದರು. 2004ರಲ್ಲಿ ಅದು ಮಾರುಕಟ್ಟೆಗೆ ಬಂತು, ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಅದರ ಹಿಂದಿನ ವಿಚಾರ ಮಾತ್ರ ನಮ್ಮ ಹಳ್ಳಿಗೆ ಹೆಚ್ಚು ಹತ್ತಿರದ್ದು ಎಂದು ನನಗೆ ಈಗಲೂ ಅನ್ನಿಸುತ್ತದೆ: ಯಂತ್ರ ಊರಿನದು, ಒಬ್ಬೊಬ್ಬರ ಕೈಯಲ್ಲೂ ಒಂದು ಸ್ಮಾರ್ಟ್ ಕಾರ್ಡು. ಓದಲು ಬಾರದವರಿಗೆ ಅದು ಓದಿ ಹೇಳುವಂತಿರಬೇಕು ಎಂಬುದೂ ಆ ಕಲ್ಪನೆಯಲ್ಲಿತ್ತು.

ವಿದ್ಯುತ್ತಿನ ಕಥೆ ಮಂಡ್ಯದವರಿಗೆ ಹೇಳಬೇಕೆ? ಮಳವಳ್ಳಿ ಪಕ್ಕದ ಶಿವನಸಮುದ್ರದ ಕರೆಂಟು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹೋಯಿತು. ತಂತಿ ಹಾದುಹೋದ ಹಳ್ಳಿಗಳು ದಶಕಗಳ ಕಾಲ ಬುಡ್ಡಿ ದೀಪದಲ್ಲೇ ಇದ್ದವು. ರಿಪೇರಿಯದೂ ಇಂಥದೇ ಕಥೆ. ಮಂಡ್ಯ, ಮದ್ದೂರಿಗೆ ರೈಲಾದರೂ ಇದೆ, ಮಳವಳ್ಳಿಗೆ ಅದೂ ಇಲ್ಲ. ಕೆಟ್ಟ ಯಂತ್ರವನ್ನು ಚೀಲದಲ್ಲಿಟ್ಟು ಬಸ್ಸಿನಲ್ಲಿ ಒಯ್ಯುವ ಮೇಷ್ಟರ ಖರ್ಚು ಯಾವ ‘ಅಗ್ಗದ ಬೆಲೆ’ಯಲ್ಲೂ ಸೇರಿರುವುದಿಲ್ಲ.

ಲಿಪಿಯ ತೊಡಕು ಬೇರೆ. ಆ ಕಾಲದಲ್ಲಿ ಬರಹದಲ್ಲಿ ಟೈಪು ಮಾಡಿದ್ದು ನುಡಿ ಇದ್ದ ಕಡೆ ಅರ್ಥವಾಗದ ಗುರುತುಗಳಾಗಿ ಕಾಣುವುದಿತ್ತು; ಯೂನಿಕೋಡ್ ಬಳಕೆಗೆ ಬಂದ ಮೇಲೆ ಇದು ಸುಧಾರಿಸಿತು. ಉರ್ದು ಶಾಲೆಯ ಮಗುವಿನ ಪಾಡು ಇನ್ನೂ ಬೇರೆ. ಅದು ತಖ್ತಿಯ ಮೇಲೆ ಕಲಿಯುವುದು ನಸ್ತಾಲೀಕ್, ಪರದೆಯಲ್ಲಿ ಸಾಮಾನ್ಯವಾಗಿ ಕಾಣುವುದು ನಸ್ಖ್. ನಾನೇ ಮೊದಲ ಸಲ ತಡವರಿಸಿ ಓದಿದ್ದೆ.

2020ರಲ್ಲಿ ಶಾಲೆಗಳು ಮುಚ್ಚಿದಾಗ ಯಾವ ಯೋಜನೆಯೂ ಕೊಡದ ಯಂತ್ರವೊಂದು ಮನೆಗಳಲ್ಲಿ ಆಗಲೇ ಇತ್ತು, ಮೊಬೈಲು. ಮನೆಗೆ ಒಂದಿದ್ದರೆ ಅದು ಅಪ್ಪನ ಜೇಬಿನಲ್ಲಿ, ಅಪ್ಪ ಬಂದ ಮೇಲೆ ಅಣ್ಣನ ಕೈಯಲ್ಲಿ. ತಂಗಿಯ ಸರದಿ ಬರುವಾಗ ಬ್ಯಾಟರಿ ಮುಗಿದಿರುತ್ತಿತ್ತು. ವಿದ್ಯಾಗಮದ ಹೆಸರಿನಲ್ಲಿ ಮರದಡಿ, ಜಗಲಿ ಮೇಲೆ ಪಾಠ ಮಾಡಿದ ಮೇಷ್ಟ್ರುಗಳು ಆ ಹುಡುಗಿಯರನ್ನು ತಲುಪಿದ್ದು ಸೀಮೆಸುಣ್ಣ ಹಿಡಿದೇ.

ಲ್ಯಾಪ್‌ಟಾಪ್ ಬೇಡವೆಂದು ನಾನು ಹೇಳುತ್ತಿಲ್ಲ. ಅವು ಬರುವ ಮುಂಚೆ ಒಂದು ಸಾಲಿನ ಆದೇಶ ಬರಲಿ: ಮಕ್ಕಳು ಬಳಸುವಾಗ ಕೆಟ್ಟ ಯಂತ್ರಕ್ಕೆ ಮೇಷ್ಟರ ಸಂಬಳ ಹಿಡಿಯತಕ್ಕದ್ದಲ್ಲ.