ಬಿದ್ದರೆ ಏಳುವ ದೋಣಿ

ಹಾಯಿದೋಣಿಯಲ್ಲಿ ತಿಂಗಳುಗಟ್ಟಲೆ ಕಡಲಿನ ಮೇಲಿರಬೇಕೆನ್ನುವವರು ಕೊನೆಗೆ ಒಂದು ಆಯ್ಕೆಯ ಮುಂದೆ ಬಂದು ನಿಲ್ಲುತ್ತಾರೆ. ಒಂದೇ ಒಡಲಿದ್ದು, ತಳದಡಿಯ ಕೀಲ್‌ನಲ್ಲಿ ಸೀಸವನ್ನೋ ಕಬ್ಬಿಣವನ್ನೋ ಹೊತ್ತ ಹಳೆಯ ಬಗೆಯ ದೋಣಿ ಬೇಕೆ? ಎರಡು ಸಪೂರ ಒಡಲುಗಳನ್ನು ದೂರದೂರ ಇಟ್ಟು ನಡುವೆ ಅಟ್ಟ ಹಾಕಿದ ಕ್ಯಾಟಮರಾನ್ ಬೇಕೆ? ಮಾರುವವರು ಇದನ್ನು ಮನೆ ಕೊಳ್ಳುವ ಮಾತಾಗಿಸಿಬಿಟ್ಟಿದ್ದಾರೆ: ಎಷ್ಟು ಕೋಣೆ, ಅಡುಗೆಮನೆಗೆ ಎಷ್ಟು ಬೆಳಕು, ಎಷ್ಟು ಜನ ಮಲಗಬಹುದು. ನಾನು ಮೊದಲು ಕೇಳುವುದು ಬೇರೆ. ಈ ದೋಣಿಯನ್ನು ನೀರಿನ ಮೇಲೆ ನೆಟ್ಟಗೆ ಹಿಡಿದಿರುವ ಬಲ ಯಾವುದು? ಆ ಬಲ ಎಲ್ಲಿ ಸೋಲುತ್ತದೆ?

ಹಾಸನೂರಿನ ನಮಗೆ ಕಡಲು ದೂರ. ಆದರೂ ಉತ್ತರದ ಒಂದು ಪಾಲು ನಮ್ಮ ಬೆಟ್ಟದ ಬುಡದಲ್ಲೇ ಕಾಣಸಿಗುತ್ತದೆ. ದಿಂಬಂ ಘಾಟಿಯ 27 ತಿರುವುಗಳನ್ನಿಳಿದು, ಬಣ್ಣಾರಿ ದಾಟಿ, ಭವಾನಿಸಾಗರದಿಂದ ಕಾಡುದಾರಿ ಹಿಡಿದರೆ ಮೋಯಾರ್ ಹೊಳೆ. ಆಚೆ ದಡದ ತೆಂಗುಮರಹಾಡದವರು ಹೊಳೆ ದಾಟುತ್ತ ಬಂದಿರುವುದು ತಮಿಳರು ಪರಿಸಲ್ ಎನ್ನುವ ದುಂಡನೆಯ ತೆಪ್ಪದಲ್ಲಿ. ಅದಕ್ಕೆ ಹಿಂದುಮುಂದಿಲ್ಲ, ತಳದಲ್ಲಿ ಭಾರವೂ ಇಲ್ಲ. ನಿಂತಿರುವುದು ಬರೀ ಅಗಲದ ಮೇಲೆ. ಹುಟ್ಟು ಹಾಕುವವನು ಜನರನ್ನು ಸುತ್ತಲೂ ಸಮನಾಗಿ ಕೂರಿಸುತ್ತಾನೆ, ಮೂಟೆಗಳನ್ನು ನಡುವೆ ಇಡಿಸುತ್ತಾನೆ. ನಡುಹೊಳೆಯಲ್ಲಿ ಯಾರೂ ಏಳುವಂತಿಲ್ಲ. ಆ ಶಿಸ್ತು ಇರುವವರೆಗೆ ತೆಪ್ಪ ನಂಬಿಕಸ್ತ. ಮೊಣಕಾಲುದ್ದದ ನೀರಿನಲ್ಲೂ ತೇಲುತ್ತದೆ, ಬಂಡೆಗೆ ತಾಗಿದರೆ ತಿರುಗಿಕೊಂಡು ಜಾರುತ್ತದೆ. ಮಿತಿ ಮೀರಿತೋ, ಒಮ್ಮೆಗೇ ಮಗುಚುತ್ತದೆ. ಮಗುಚಿದ ತೆಪ್ಪ ತಾನಾಗಿ ಏಳುವುದಿಲ್ಲ.

ಕ್ಯಾಟಮರಾನ್ ನಿಂತಿರುವುದೂ ಇದೇ ನಿಯಮದ ಮೇಲೆ. 12 ಮೀಟರ್ ಉದ್ದದ ವಿಹಾರದ ಕ್ಯಾಟಮರಾನ್ ಸುಮಾರು 7 ಮೀಟರ್ ಅಗಲವಿರುತ್ತದೆ. ಅಷ್ಟೇ ಉದ್ದದ ಒಂಟಿ ಒಡಲಿನದು 4 ಮೀಟರ್ ಆಸುಪಾಸು. ಆ ಅಗಲ ಕೊಡುವ ಸುಖ ಸಣ್ಣದಲ್ಲ. ಗಾಳಿಗೆದುರಾಗಿ ಸಾಗುವ ಒಂಟಿ ಒಡಲಿನ ದೋಣಿ 20 ಡಿಗ್ರಿ ವಾಲಿಕೊಂಡೇ ದಿನಗಟ್ಟಲೆ ಓಡುತ್ತದೆ. ಅಲ್ಲಿ ಅನ್ನದ ಪಾತ್ರೆಯನ್ನು ಒಲೆಗೆ ಬಿಗಿಯಬೇಕು, ಮಲಗುವವರು ಉರುಳದಂತೆ ಮಂಚಕ್ಕೆ ಬಟ್ಟೆಯ ತಡೆ ಕಟ್ಟಿಕೊಳ್ಳಬೇಕು. ಕ್ಯಾಟಮರಾನ್ ವಾಲುವುದು ಐದು ಡಿಗ್ರಿಯೊಳಗೆ. ನಿದ್ದೆ ಕೆಡದ ನಾವಿಕ ತಪ್ಪು ಮಾಡುವುದು ಕಡಿಮೆ. ಹಾಗಾಗಿ ಈ ಸುಖವನ್ನು ಬರೀ ಶೋಕಿ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ.

ನನ್ನ ತಕರಾರು ಇರುವುದು ಅದು ಮುಚ್ಚಿಡುವ ಸಂಗತಿಯ ಬಗ್ಗೆ. ಗಾಳಿ ಹೆಚ್ಚಿದಂತೆ ಒಂಟಿ ಒಡಲಿನ ದೋಣಿ ಇನ್ನಷ್ಟು ವಾಲುತ್ತದೆ, ವಾಲಿದಷ್ಟೂ ಹಾಯಿಯ ಮೇಲಿನ ಒತ್ತಡ ಇಳಿಯುತ್ತದೆ. ಹಾಯಿ ಕುಗ್ಗಿಸು ಎಂದು ದೋಣಿಯೇ ಹೇಳುತ್ತದೆ, ಕಾಲಡಿಯ ಹಲಗೆಯೇ ಹೇಳುತ್ತದೆ. ಕ್ಯಾಟಮರಾನ್ ಆ ಮಾತಾಡುವುದಿಲ್ಲ. ಗಾಳಿಯ ವೇಗ ಅಳೆಯುವ ಯಂತ್ರ ನೋಡಿ, ಬಿರುಗಾಳಿಗೆ ಮುಂಚೆಯೇ ಹಾಯಿ ಕುಗ್ಗಿಸಬೇಕು. ಅದರ ಬಲ ಶಿಖರ ಮುಟ್ಟುವುದು ಒಂದು ಒಡಲು ನೀರು ಬಿಟ್ಟು ಏಳುವ ಹೊತ್ತಿಗೆ. ಅಲ್ಲಿಂದಾಚೆ ಇಳಿಮುಖ, ಕೊನೆಗೆ ಬುಡಮೇಲು. ಜಾಗ ಹೆಚ್ಚಿರುವುದರಿಂದ ಸಾಮಾನು ತುಂಬುವ ಆಸೆಯೂ ಹೆಚ್ಚು. ಸಪೂರ ಒಡಲುಗಳು ಭಾರಕ್ಕೆ ತಗ್ಗಿದರೆ ವೇಗ ಹೋಗುತ್ತದೆ, ಅಲೆಗಳು ಅಟ್ಟದ ತಳಕ್ಕೆ ದಡದಡನೆ ಬಡಿಯತೊಡಗುತ್ತವೆ.

ಭಾರತದ ನಾವಿಕರ ಅನುಭವ ಇಲ್ಲಿ ತೂಕದ ಸಾಕ್ಷಿ. 1985ರಿಂದ 87ರವರೆಗೆ ಭೂಸೇನೆಯ ಎಂಜಿನಿಯರುಗಳು ಭೂಮಿ ಸುತ್ತಿದ್ದು 37 ಅಡಿಯ 'ತೃಷ್ಣಾ'ದಲ್ಲಿ. ದಿಲೀಪ್ ದೋಂದೆ 2009–10ರಲ್ಲಿ, ಅಭಿಲಾಷ್ ಟಾಮಿ 2012–13ರಲ್ಲಿ ಒಂಟಿಯಾಗಿ ಸುತ್ತಿದ ಗೋವೆಯ 'ಮ್ಹಾದೇಯಿ', ನೌಕಾಪಡೆಯ ಆರು ಮಹಿಳೆಯರು 2017–18ರಲ್ಲಿ ನಡೆಸಿದ 'ತಾರಿಣಿ', ಎಲ್ಲವೂ ಒಂಟಿ ಒಡಲಿನವು. ಅದೇ ತಾರಿಣಿಯಲ್ಲಿ ನೌಕಾಪಡೆಯ ದಿಲ್ನಾ ಮತ್ತು ರೂಪಾ ಇಬ್ಬರೇ ಭೂಮಿ ಸುತ್ತಿ 2025ರ ಮೇ ತಿಂಗಳಲ್ಲಿ ಮರಳಿದರು.

ಇವೆಲ್ಲ ಗೆಲುವಿನ ಕತೆಗಳು. ನಾನು ಹೆಚ್ಚು ನೆಚ್ಚುವುದು ಒಂದು ಸೋಲನ್ನು. 2018ರ ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಟಾಮಿಯ 'ತುರಿಯಾ' ಉರುಳಿತು. ಹಾಯಿಕಂಬಗಳು ಮುರಿದವು, ಅವರ ಬೆನ್ನೆಲುಬಿಗೆ ಪೆಟ್ಟಾಯಿತು. ನೌಕಾಪಡೆಯ ವಿಮಾನ ಹುಡುಕಿಕೊಂಡು ಹೋದಾಗ ಮುರಿದ ಕಂಬಗಳನ್ನು ಪಕ್ಕಕ್ಕೆ ಎಳೆದುಕೊಂಡು ದೋಣಿ ನೆಟ್ಟಗೆ ತೇಲುತ್ತಿತ್ತು. ಏಳಲಾಗದ ಮನುಷ್ಯ ಒಳಗೆ ಹಾಸಿಗೆಯಲ್ಲಿ ಮಲಗಿದ್ದರು. ಮೂರನೆಯ ದಿನ ಫ್ರೆಂಚ್ ಹಡಗು 'ಓಸಿರಿಸ್' ಬಂದು ಎತ್ತಿಕೊಂಡಿತು. ಉರುಳಿದ ದೋಣಿಯನ್ನು ಮತ್ತೆ ನೆಟ್ಟಗಾಗಿಸುವುದು ಕೀಲ್‌ನ ಭಾರ ಮಾಡುವ ಕೆಲಸ. ಆ ಬಿರುಗಾಳಿಗೆ ಸಿಕ್ಕಿ ಕ್ಯಾಟಮರಾನ್ ಮಗುಚಿದ್ದರೆ ಬುಡಮೇಲಾದ ಅಟ್ಟವನ್ನು ಹಿಡಿದು ಕೂರಬೇಕಿತ್ತು. ಬೆನ್ನು ಮುರಿದವರಿಗೆ ಅದು ಆಗದ ಮಾತು.

ಕೀಲ್ ಇದ್ದ ಮಾತ್ರಕ್ಕೆ ಎಲ್ಲವೂ ಸರಿಯೆಂದೂ ಅಲ್ಲ. 2014ರಲ್ಲಿ ಅಟ್ಲಾಂಟಿಕ್‌ನಲ್ಲಿ 'ಚೀಕಿ ರಫಿಕಿ' ಎಂಬ ದೋಣಿಯ ಕೀಲ್ ಕಳಚಿಬಿದ್ದು ನಾಲ್ವರೂ ಹೋದರು. ಒಡಲಿಗೆ ತೂತು ಬಿದ್ದರೆ ಆ ಭಾರವೇ ದೋಣಿಯನ್ನು ತಳಕ್ಕೆಳೆಯುತ್ತದೆ. ಸೀಸವಿಲ್ಲದ ಕ್ಯಾಟಮರಾನ್ ಸಾಮಾನ್ಯವಾಗಿ ಮುಳುಗದು.

ನಮ್ಮ ಪಡುವಣ ಕರಾವಳಿಗಷ್ಟೇ ಕೇಳಿದರೆ ನಾನು ಕ್ಯಾಟಮರಾನ್ ಕಡೆಗೇ ವಾಲುತ್ತೇನೆ. ಕರ್ನಾಟಕದ ಅಳಿವೆಗಳ ಬಾಯಲ್ಲಿ ಮರಳದಿಬ್ಬಗಳು. ಲಕ್ಷದ್ವೀಪದ ಹವಳದಿಬ್ಬಗಳ ಒಳಗೆ ಆಳವಿಲ್ಲದ ನೀರು. ಎರಡು ಮೀಟರ್ ಕೀಲ್ ಹೊತ್ತ ದೋಣಿ ಹೊರಗೇ ಲಂಗರು ಹಾಕಬೇಕಾದ ಕಡೆ ಒಂದು ಮೀಟರ್ ಚಿಲ್ಲರೆ ನೀರು ಸಾಕೆನ್ನುವ ಕ್ಯಾಟಮರಾನ್ ಒಳಗೆ ಹೋಗಬಲ್ಲದು. ಮಕ್ಕಳು, ವಯಸ್ಸಾದವರ ಜೊತೆ ಮಳೆಗಾಲ ಕಳೆದ ಮೇಲೆ ಮಲ್ಪೆಯಿಂದ ಹೊರಟು, ಹವಾಮಾನ ನೋಡಿಕೊಂಡು ದ್ವೀಪ ಸುತ್ತಿ ಮಾರ್ಚ್‌ನೊಳಗೆ ಮರಳುವವರಿಗೆ ಅದೇ ಸರಿ. ಖರೀದಿಗೂ ನಿಲ್ಲಿಸುವ ಜಾಗಕ್ಕೂ ಹೆಚ್ಚು ಹಣ ತೆರಬೇಕು, ಅಷ್ಟೇ.

ಆದರೆ ಆಸರೆಯ ಬಂದರು ವಾರಗಟ್ಟಲೆ ದೂರವಿರುವ ದಕ್ಷಿಣದ ಕಡಲಿಗೆ ಹೊರಟವರು, ಅದರಲ್ಲೂ ಒಬ್ಬರೋ ಇಬ್ಬರೋ ಹೊರಟವರು, ಒಂಟಿ ಒಡಲಿನ ದೋಣಿಯನ್ನೇ ತೆಗೆದುಕೊಳ್ಳಬೇಕು. ಅದೂ ಕೀಲ್ ಕೂರಿಸಿದ ಬೋಲ್ಟುಗಳನ್ನು ತಾವೇ ಕಣ್ಣಾರೆ ನೋಡಿದ ಮೇಲೆ.